ಕಂಪ್ಯೂಟರ್ ಮುಂದೆ ಕುಂತ ಸಂಸಾರಗಳು

ಸಂಸಾರ ಅಂದ ಮೇಲೆ ಜಗಳ ಇದ್ದದ್ದೇ. ಆದರೆ ಆ ಜಗಳವನ್ನು ಎತ್ತಿ ತಂದು ಕಂಪ್ಯೂಟರ್ ಮುಂದೆ ಕೂರಿಸಿದರೆ ಏನೇನಾಗುತ್ತದೆ ಅಂತ ನನ್ನನ್ನು ಕೇಳಿ. ಗಂಡ-ಹೆಂಡತಿ, ತಂದೆ-ಮಕ್ಕಳ ತಕರಾರು ಕೇಳಿ, ಅವರ ದಾರಿ ಅವರೇ ಹುಡುಕಿಕೊಳ್ಳುವ ಹಾಗೆ ಮಾಡುವುದು ನನ್ನ ಕೆಲಸ. ಧಾರವಾಡದಲ್ಲಿ ಅದನ್ನೇ ಓದಿ ಬಂದವಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗೋಕಾಕದ ನಮ್ಮ ಮನೆಯ ಒಂದು ಕೋಣೆಯಲ್ಲಿ ನಾನು ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದೆ. ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಒಂದೊಂದು ಸೈಬರ್ ಕೆಫೆಯವರು ವಾರಕ್ಕೊಂದು ಮಧ್ಯಾಹ್ನ ನನ್ನ ಮಂದಿಗೆ ಒಂದು ಕ್ಯಾಬಿನ್ ಬಿಟ್ಟುಕೊಡುತ್ತಿದ್ದರು. ಅಲ್ಲಿ ಅವರು ಕ್ಯಾಮೆರಾ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು ನನ್ನ ಜೊತೆ ಮಾತಾಡುವುದು. ಊರು ನನ್ನನ್ನು ‘ಹುಚ್ಚರ ಡಾಕ್ಟರು’ ಅಂದಿತು. ಅನ್ನಲಿ ಬಿಡು, ನಾನಂತೂ ಬಾಗಿಲು ಮುಚ್ಚುವುದಿಲ್ಲ ಅಂತ ಹಟ ಹಿಡಿದು ಕೂತೆ.

ಮಾವನವರ ಸಂಕಟ

ಮೊದಲ ಜಗಳ ನಮ್ಮ ಮನೆಯಲ್ಲೇ ಆಯಿತು. ಮಾವನವರು ಕೋಣೆಯ ಬಾಗಿಲಲ್ಲಿ ನಿಂತರು.

“ನಮ್ಮ ಮನಿ ಸೊಸಿ ಮಂದಿ ಮನಿ ಜಗಳ ಕೇಳಕೋತ ಕುಂತಾಳಂದ್ರ ಓಣ್ಯಾಗ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?”

ನಾನೂ ಬಿಡಲಿಲ್ಲ. “ಮಾವಾರ, ನೀವು ದಿನಾ ಕಟ್ಟಿ ಮ್ಯಾಲ ಕುಂತು ಇಡೀ ಓಣಿ ಜಗಳ ಕೇಳ್ತೀರಿ. ನಾ ಕೋಣ್ಯಾಗ ಕುಂತು ಕೇಳ್ತೇನಿ. ಇಷ್ಟ ಫರಕು.”

ಅವರು ಕಟ್ಟೆಗೆ ಹೋಗಿ ಕೂತರು. ನಾಲ್ಕು ದಿನ ಮುಖ ಗಂಟು ಹಾಕಿಕೊಂಡೇ ಇದ್ದರು. ಐದನೆಯ ದಿನ ಚಹಾ ಕುಡಿಯುವಾಗ ಮೆತ್ತಗೆ ಕೇಳಿದರು, “ಇವತ್ತ ಯಾರ ಮನ್ಯಾಗ ಏನಾತು?”

“ಅದನ್ನ ಯಾರ ಮುಂದೂ ಹೇಳಂಗಿಲ್ರಿ ಮಾವಾರ. ನಮ್ಮ ಕೆಲಸದ ನೇಮ ಅದು.”

ಮಾವನವರು ಕಪ್ಪು-ಬಸಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಹೇಳಾಕ ಬರಂಗಿಲ್ಲ ಅಂದ ಮ್ಯಾಲ ಕೇಳಿ ಏನ್ ಉಪಯೋಗವಾ?”

ಕೂಸು ಯಾರದು?

ಹುಕ್ಕೇರಿಯ ಕ್ಯಾಬಿನ್‌ಗೆ ಒಬ್ಬ ಗಟ್ಟಿಮುಟ್ಟಾದ ರೈತ ಬಂದ. ಕೂತವನೇ ಅತ್ತಿತ್ತ ನೋಡಿ, “ಮೇಡಂ, ಇದು ಯಾರಿಗೂ ಕೇಳಬಾರದ್ರಿ” ಅಂದ. ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ತನ್ನ ದನಿ ಎಷ್ಟು ಜೋರಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಅಂಗಡಿಯೆಲ್ಲ ಅವನ ಕಡೆ ಹೊರಳಿತಂತೆ. “ಮೆತ್ತಗ ಮಾತಾಡ್ರಿ” ಅಂತ ನಾನು ಕೈ ಮಾಡಿ ತೋರಿಸಿದೆ. ನನಗೇ ಕೇಳುತ್ತಿಲ್ಲ ಅಂತ ತಿಳಿದು ಅವನು ದನಿ ಇನ್ನೂ ಏರಿಸಿದ.

“ನಮ್ಮ ಮನ್ಯಾಗ ಹಿರ್ಯಾರ ಮುಂದ ತಮ್ಮ ಕೂಸನ್ನ ತಾವು ಎತ್ತಿಗೊಳ್ಳಂಗಿಲ್ರಿ! ನನ್ನ ಮಗಳು ನನ್ನ ನೋಡಿ ಕೈ ಚಾಚತೈತಿ, ನಾ ಗ್ವಾಡಿ ನೋಡಕೋತ ಕುಂಡ್ರಬೇಕು. ಮನ್ನೆ ಕೊಟಗ್ಯಾಗ ಹೋಗಿ ಅತ್ತೇನ್ರಿ! ನನ್ನ ಮಗಳನ್ನ ನಾ ಎತ್ತಿಗೊಂಡ್ರ ಏನ್ ತಪ್ಪು?”

ನಾನು ಬಾಯಿ ತೆರೆಯುವ ಮೊದಲೇ ಅವನ ಹಿಂದಿನಿಂದ ಯಾರೋ ಕೂಗಿದರು, “ಏನೂ ತಪ್ಪಿಲ್ಲೋ, ಎತ್ತಿಗೋ!” ಇನ್ನೊಬ್ಬರು, “ನಮ್ಮ ಮನ್ಯಾಗೂ ಹಿಂಗ ಐತಿ!” ಅಂದರು. ಅವನು ಹೆಡ್‌ಫೋನ್ ತೆಗೆದು, ಎದ್ದು ನಿಂತು, ಕ್ಯಾಬಿನ್‌ನ ಬಟ್ಟೆ ಪರದೆ ಸರಿಸಿ, “ಹೌದು, ಅತ್ತೇನಿ! ಏನೀಗ?” ಅಂದ. ಒಬ್ಬರೂ ನಗಲಿಲ್ಲ.

ಅವತ್ತು ಸಂಜೆ ಪಡಸಾಲೆಯಲ್ಲಿ, ಅಪ್ಪನ ಎದುರಿಗೇ ಮಗಳನ್ನು ಎತ್ತಿಕೊಂಡನಂತೆ. “ನಾಚಿಕಿ ಇಲ್ಲೇನ?” ಅಂದರಂತೆ ಅಪ್ಪ. “ಇಲ್ಲ” ಅಂದನಂತೆ ಇವನು.

ಮುಂದಿನ ವಾರ ಮತ್ತೆ ಬಂದ. ಮುಖ ಸಪ್ಪಗಿತ್ತು. “ಅಪ್ಪ ಮಾತ ಬಿಟ್ಟಿದ್ದನ್ರಿ. ನಿನ್ನೆ ಮಾತಾಡಿದ.”

“ಏನಂದ್ರು?”

“‘ಏ ಮಬ್ಬ, ನಿನಗ ಕೂಸ ಹಿಡ್ಯಾಕ ಬರಂಗಿಲ್ಲ, ಇಲ್ಲೆ ತಾ’ ಅಂದು ಕಸಗೊಂಡನ್ರಿ. ಅವಾಗಿಂದ ನನಗ ಕೂಸ ಸಿಗವಲ್ದು!”

ಕಣ್ಣು ಪಿಳುಕಿಸದ ಮೇಡಂ

ಮೂಡಲಗಿಯ ಒಬ್ಬ ತಾಯಿ, ಜೊತೆಗೆ ಹೈಸ್ಕೂಲಿನ ಮಗಳು. ಮಗಳಿಗೆ ಕಬಡ್ಡಿ ಆಡುವ ಹಟ, ತಾಯಿಗೆ ಆಡಗೊಡದ ಹಟ. “ಎದುರ ಮಾತಾಡ್ತಾಳ್ರಿ” ಅಂದಳು ತಾಯಿ. “ಖರೆ ಮಾತಾಡ್ತೇನ್ರಿ” ಅಂದಳು ಮಗಳು. ನಾನು ಮುಂದಕ್ಕೆ ಬಾಗಿ ಕಿವಿಗೊಟ್ಟೆ. ಅಷ್ಟರಲ್ಲಿ ನಮ್ಮ ಕಡೆ ಕರೆಂಟ್ ಹೋಯಿತು.

ಬಹಳ ಹೊತ್ತಿನ ಮೇಲೆ ಕರೆಂಟ್ ಬಂತು. ಗಡಿಬಿಡಿಯಲ್ಲಿ ಮತ್ತೆ ಸಂಪರ್ಕ ಸೇರಿಸಿ ನೋಡಿದರೆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಮಗಳು ಅವಳ ಭುಜಕ್ಕೆ ಒರಗಿದ್ದಾಳೆ. ತಾಯಿಯೂ ಸಣ್ಣವಳಿದ್ದಾಗ ಕಬಡ್ಡಿ ಆಡುತ್ತಿದ್ದಳಂತೆ. ಅವಳ ಅಣ್ಣ ಬಡಿದು ಬಿಡಿಸಿದ್ದನಂತೆ. ಅದನ್ನು ಅವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದಳು. “ಇಕಿ ಆಡ್ಲಿ. ಯಾರ ಬಡಿಯಾಕ ಬರ್ತಾರ ನಾನೂ ನೋಡ್ತೇನಿ” ಅಂದಳು.

ನಾನು ಕ್ಷಮೆ ಕೇಳಲು ಹೊರಟರೆ ಅವಳೇ ಕೈ ಮುಗಿದಳು. “ನಿಮ್ಮಂಗ ಯಾರೂ ಕೇಳಿಲ್ರಿ ಮೇಡಂ. ನಾ ಅಷ್ಟ ಹೊತ್ತು ಹೇಳಿದ್ರೂ ನೀವು ಒಂದ ಸಲಾನೂ ಕಣ್ಣ ಪಿಳುಕಿಸಲಿಲ್ಲ!”

ಕರೆಂಟ್ ಹೋದ ಗಳಿಗೆಯಿಂದ ಅವರ ಪರದೆಯ ಮೇಲೆ ನನ್ನ ಮುಖ ಹಾಗೇ ನಿಂತುಬಿಟ್ಟಿತ್ತು. ನಾನಿಲ್ಲದೆ ನಡೆದ ಆ ಸಮಾಲೋಚನೆಯಷ್ಟು ಚೆಂದದ್ದನ್ನು ನಾನಿದ್ದು ಇವತ್ತಿಗೂ ನಡೆಸಿಲ್ಲ.

ಅವ್ವನ ವಾಟ್ನಿ

ಮೂಡಲಗಿ ಕಡೆಯ ಒಂದು ಹಳ್ಳಿಯವರು. ಕುರಿಯೂ ಇದ್ದವು, ಹೊಲವೂ ಇತ್ತು. ಮೂವರು ಅಣ್ಣತಮ್ಮಂದಿರು ಬೇರೆಯಾಗಲು ನಿರ್ಧರಿಸಿ, ಆಸ್ತಿಯ ಪಾಲು-ವಾಟ್ನಿ ಮಾಡುವಾಗ ತಂದೆತಾಯಿಯನ್ನೂ ಹಂಚಿಕೊಂಡಿದ್ದರು. ಅಪ್ಪ ಹಿರಿಯನ ಪಾಲಿಗೆ, ಅವ್ವ ಕಿರಿಯನ ಪಾಲಿಗೆ. ಅಪ್ಪ ಹೂಂ ಅಂದಿದ್ದ. ಅವ್ವ ಮಾತ್ರ ಒಂದು ಮಾತೂ ಆಡದೆ ಗೋಕಾಕದ ತಂಗಿಯ ಮನೆಗೆ ಬಂದು ಕೂತಿದ್ದಳು.

“ಅವ್ವಗ ತಿಳಿಸಿ ಹೇಳ್ರಿ ಮೇಡಂ” ಅಂತ ಮಕ್ಕಳು ಮೂಡಲಗಿಯ ಕ್ಯಾಬಿನ್‌ಗೆ ಬಂದರು. ನಾನು ಅವ್ವನಿಗೆ ಹೇಳಿ ಕಳಿಸಿದೆ. ಅವಳು ನಮ್ಮ ಮನೆಗೆ ಬಂದಳು. ಹಿಂದೆ ಮೂವರು ಹೆಂಗಸರು.

“ಇವರು ಯಾರವಾ?”

“ನನ್ನ ಸೊಸ್ತ್ಯಾರು. ನನ್ನ ಕೂಡ ಮನಿ ಬಿಟ್ಟ ಬಂದಾರ.”

ಹೆಂಡಂದಿರೂ ಹೋಗಿದ್ದಾರೆಂದು ಆ ಮೀಸೆಯ ಮಕ್ಕಳು ನನಗೆ ಹೇಳಿರಲೇ ಇಲ್ಲ! ಪರದೆಯ ಮೇಲೆ ಮೂರೂ ಮೀಸೆ ಇಕ್ಕಟ್ಟಿನಲ್ಲಿ ಕೂತಿದ್ದವು. ಅವುಗಳ ಹಿಂದೆ ತಲೆಗೆ ಬಿಳಿ ಪಟಗಾ ಸುತ್ತಿದ ಅಪ್ಪ.

“ಅವ್ವಾ, ಮನಿಗಿ ಬಾ” ಅಂದ ಹಿರಿಯ.

“ಯಾವ ಮನಿಗಿ? ನನ್ನನ್ನೂ ನಿಮ್ಮ ಅಪ್ಪನ್ನೂ ಎತ್ತಿನ ಜೋಡಿ ಬಿಚ್ಚಿದಂಗ ಬಿಚ್ಚೀರಿ. ನನ್ನ ಕೇಳಿದ್ರೇನ?”

ಮೂರೂ ಮೀಸೆ ಕೆಳಗೆ ಬಾಗಿದವು.

“ಈಗ ನಾ ವಾಟ್ನಿ ಮಾಡ್ತೇನಿ, ಕೇಳ್ರಿ” ಅಂದಳು ಅವ್ವ. “ಸೊಸ್ತ್ಯಾರು ಮೂರೂ ಮಂದಿ ನನ್ನ ಪಾಲಿಗೆ. ನಿಮ್ಮ ಅಪ್ಪ ಹೂಂ ಅಂದಾನಲ್ಲ, ಅವ ನಿಮ್ಮ ಪಾಲಿಗೆ. ನೀವು ನಾಲ್ಕೂ ಮಂದಿ ಕೂಡಿ ಅಡಗಿ ಮಾಡಕೊಂಡು ಸುಖದಿಂದ ಇರ್ರಿ.”

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಗೋಗರೆದರು. ವಾಟ್ನಿ ಮುರಿಯುತ್ತೇವೆ ಅಂದರು, ಆಣೆ ಇಟ್ಟರು. ಆ ಗದ್ದಲದಲ್ಲಿ ಹಿಂದಿನ ಬಿಳಿ ಪಟಗಾ ಮೆಲ್ಲಗೆ ಎದ್ದು ಹೊರಗೆ ಜಾರಿದ್ದನ್ನು ಅವರು ನೋಡಲಿಲ್ಲ, ನಾನು ನೋಡಿದೆ.

ನಾವು ಎರಡೆರಡು ಸಲ ಚಹಾ ಕುಡಿದು, ಸಂಜೆಯಾಗಿ, ಅವ್ವ ಊರಿಗೆ ಹೊರಡಲು ಒಪ್ಪುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕೈಚೀಲ ಹಿಡಿದ ಅಪ್ಪ, ಬಸ್ಸಿನ ಧೂಳು ಮೆತ್ತಿಕೊಂಡು ನಿಂತಿದ್ದ.

“ಇಲ್ಲಿಗ್ಯಾಕ ಬಂದ್ರಿ?” ಅವ್ವ ಸೊಂಟದ ಮೇಲೆ ಕೈ ಇಟ್ಟಳು. “ನಿಮ್ಮನ್ನ ಅವರ ಪಾಲಿಗಿ ಹಾಕೇನಲ್ಲ?”

ಅಪ್ಪ ಚೀಲ ಒಳಗಿಟ್ಟು, ಚಪ್ಪಲಿ ಕಳಚಿ, ಚಾಪೆಯ ಮೇಲೆ ಕೂತೇಬಿಟ್ಟ.

“ಅವರನ್ನ ಹಡದಾಕಿ ನೀ! ಅವರು ಸುಟ್ಟ ರೊಟ್ಟಿ ನಾ ಯಾಕ ತಿನ್ನಲಿ?”