ಯಮನೂರಮ್ಮನ ತಲೆಗೆ ಪೆಟ್ಟಾಗಿದೆ ಎಂದು ಒಪ್ಪಿಕೊಳ್ಳುವ ಕುರಿತು

ಇಂದ:
ಸಿದ್ದರಾಮೇಶ ತಂದೆ ಮಾಳಿಂಗಪ್ಪ,
ಹೆಲ್ಮೆಟ್ ಎಣಿಕೆದಾರ (ದಿನಗೂಲಿ),
ಕಾಲುವೆ ಸೇತುವೆ, ಬಳಗಾನೂರು ರಸ್ತೆ.

ಗೆ:
ಮಾನ್ಯ ಅಧ್ಯಕ್ಷರು,
ಸೈಕಲ್ ಸವಾರರ ಹೆಲ್ಮೆಟ್ ಪ್ರಗತಿ ಸಮಿತಿ, ಸಿಂಧನೂರು.

ವಿಷಯ: ನನ್ನ ಹೆಂಡತಿಯ ತಲೆಯ ಪೆಟ್ಟಿಗೆ ಮಾನ್ಯತೆ ಕೋರಿ.

ಉಲ್ಲೇಖ: 1) ಸೈಕಲ್ ತುಳಿಯುವವರೆಲ್ಲ ಹೆಲ್ಮೆಟ್ ಧರಿಸತಕ್ಕದ್ದು ಎಂಬ ಸಮಿತಿಯ ಆದೇಶ. 2) ಪೆಟ್ಟಾಗಿಲ್ಲ ಎಂಬ ತಮ್ಮ ಹಿಂಬರಹ.

ಮಾನ್ಯರೇ,

1. ಆದೇಶ ಹೊರಟ ಮೊದಲ ದಿನ ನಾನು ಎಣಿಸಿದಾಗ ಎಂಬತ್ತಾರು ಸೈಕಲ್ಲಿಗೆ ಒಂದೂ ಹೆಲ್ಮೆಟ್ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆದೇಶ ಸರಿಯಾಗಿದೆ, ಎಣಿಕೆ ತಪ್ಪಾಗಿದೆ ಎಂದು ತಾವು ನನಗೇ ನೋಟಿಸು ಕೊಟ್ಟಿರಿ. ಆ ಕಾರಣ, ಎರಡನೆಯ ದಿನ ನನ್ನ ಬೈಕಿನ ಹೆಲ್ಮೆಟ್ ತಂದು ಸೇತುವೆಯ ಈಚೆ ಇಮಾಮ್‌ಸಾಬ್ ಅವರ ಚಹಾ ಅಂಗಡಿಯಲ್ಲಿಟ್ಟೆ.

2. ಬಂದವರು ಅದನ್ನು ಹಾಕಿಕೊಂಡು ಸೇತುವೆ ದಾಟುತ್ತಾರೆ. ನಾನು ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 'ಹೆಲ್ಮೆಟ್ ಇದೆ' ಎಂದು ಬರೆಯುತ್ತೇನೆ. ಆಚೆ ದಂಡೆಯ ಬೇವಿನ ಮರಕ್ಕೆ ಅದನ್ನು ತೂಗುಹಾಕಿ ಅವರು ಹೋಗುತ್ತಾರೆ; ಅಲ್ಲಿಂದ ಬರುವವರು ಹಾಕಿಕೊಂಡು ಈಚೆ ತರುತ್ತಾರೆ. ನಮ್ಮ ಓಣಿಗೆಲ್ಲ ನಿಚ್ಚಣಿಕೆ ಒಂದೇ, ಬೇಕಾದವರು ಒಯ್ಯುತ್ತಾರೆ. ಹೆಲ್ಮೆಟ್ಟೂ ಹಾಗೇ ಆಯಿತು. ಈಚೆ ಕಡೆಯಿಂದ ಒಟ್ಟಿಗೆ ಇಬ್ಬರು ಬಂದರೆ ಎರಡನೆಯವರು ಚಹಾ ಕುಡಿಯುತ್ತ ಕಾಯಬೇಕು. ಆದ್ದರಿಂದ ಇಮಾಮ್‌ಸಾಬ್ ಅವರು ಕಾನೂನಿನ ಪರವಾಗಿದ್ದಾರೆ.

3. ಆ ತಿಂಗಳು ನಮ್ಮ ಸೇತುವೆಯಲ್ಲಿ ನೂರಕ್ಕೆ ನೂರು. ಮಸ್ಕಿಯಲ್ಲಿ ನಾಲ್ಕು, ಲಿಂಗಸುಗೂರಿನಲ್ಲಿ ಹನ್ನೊಂದು. ಅಲ್ಲಿನ ಎಣಿಕೆದಾರರು ಜೀಪು ಮಾಡಿಕೊಂಡು ಬಂದು ನೋಡಿ ಹೋದರು. ಮರುವಾರ ಅಲ್ಲಿಯೂ ನೂರು. ತಾವು ನನಗೆ ಶಾಲು ಹೊದಿಸಿದಿರಿ. ನಾನೂ ಮರ್ಯಾದೆ ಬಿಟ್ಟು ಹೊದ್ದುಕೊಂಡೆ.

4. ನನ್ನ ಹೆಂಡತಿ ಯಮನೂರಮ್ಮ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಹದಿನೈದು ದಿನದ ಹಿಂದೆ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸೇತುವೆ ದಾಟಿದವಳು, ಆಚೆಯಿಂದ ಕೂಗಿ ಕೇಳಿದಳು:

"ಮುಂದ ದೊಡ್ಡ ತಗ್ಗು ಬಿದ್ದೈತ್ರಿ. ಅದನ್ನ ದಾಟೋತನ ಹಾಕ್ಕೊಂಡು ಹೋಗಲೇನ್ರಿ?"

ಮರದ ಕೆಳಗೆ ದಾದೇಸಾಬ ಈಚೆ ಬರಲು ಸೈಕಲ್ ಹಿಡಿದು ಹೆಲ್ಮೆಟ್ಟಿಗೆ ಕಾಯುತ್ತಿದ್ದ.

"ಅಲ್ಲಿ ದಾದೇಸಾಬ ನಿಂತಾನ. ನನ್ನ ಎಣಿಕಿ ಕೆಡ್ತೈತಿ, ಬಿಚ್ಚಿಟ್ಟು ಹೋಗ ನೀ" ಎಂದೆ.

ಬಿಚ್ಚಿಟ್ಟಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಮುಂದಿನ ಗಾಲಿ ತಗ್ಗಿಗೆ ಇಳಿದು, ಅವಳ ತಲೆ ಕಲ್ಲಿಗೆ ಬಡಿಯಿತು.

5. ಆರು ಹೊಲಿಗೆ ಬಿದ್ದಿವೆ. ನಿಂತರೆ ತಲೆ ತಿರುಗುತ್ತದೆ. ಎರಡು ತಿಂಗಳು ಒಲೆಯ ಮುಂದೆ ಹೋಗಬಾರದು ಎಂದಿದ್ದಾರೆ ಡಾಕ್ಟರು. ರಜೆ ಕೇಳಿದರೆ, ಸೈಕಲ್ಲಿನಿಂದ ಬಿದ್ದ ಪ್ರಕರಣವೆಂದು ಶಾಲೆಯವರು ತಮ್ಮನ್ನು ಕೇಳಿದರು. ತಾವು ನನ್ನ ರಿಜಿಸ್ಟರ್ ನೋಡಿ ಹಿಂಬರಹ ಕೊಟ್ಟಿರಿ: "ಸದರಿಯವರು ಹೆಲ್ಮೆಟ್ ಧರಿಸಿದ್ದು, ಧರಿಸಿದವರ ತಲೆಗೆ ಪೆಟ್ಟಾಗುವುದಿಲ್ಲವಾದ ಕಾರಣ, ಪೆಟ್ಟಾಗಿರುವುದಿಲ್ಲ." ಬರುವ ಸೋಮವಾರ ಹಾಜರಾಗದಿದ್ದರೆ ಅವಳ ಕೆಲಸ ಬೇರೆಯವರಿಗೆ ಹೋಗುತ್ತದೆ.

6. ಹಿಂಬರಹ ಓದಿ ಹೇಳಿದಾಗ ಅವಳು ತಲೆಯ ಪಟ್ಟಿ ಮುಟ್ಟಿಕೊಂಡು, "ಹಂಗಾರ ಇದು ಯಾರ ತಲಿ ರೀ?" ಎಂದಳು. ನನಗೆ ಅಳು ಬಂತು. 'ಇದೆ' ಎಂದು ಬರೆದವನೂ ನಾನೇ, ಬಿಚ್ಚಿಸಿದವನೂ ನಾನೇ.

ಆದ್ದರಿಂದ, ಅವಳ ಹೆಸರಿನ ಮುಂದೆ 'ಸೇತುವೆಯ ಮೇಲೆ ಮಾತ್ರ' ಎಂದು ಸೇರಿಸಲು ಅನುಮತಿ ಕೊಡಬೇಕು. ಹಾಗೆ ಸೇರಿಸಿದರೆ ಎಲ್ಲರ ಹೆಸರಿನ ಮುಂದೆಯೂ ಸೇರಿಸಬೇಕಾಗುತ್ತದೆ ಎಂದು ತಮ್ಮ ಗುಮಾಸ್ತರು ಹೆದರುತ್ತಿದ್ದಾರೆ. ಸೇರಿಸಲು ನಾನು ತಯಾರಿದ್ದೇನೆ. ಶಾಲು ವಾಪಸು ಕೊಡಲೂ ತಯಾರಿದ್ದೇನೆ.

ತಮ್ಮ ನೂರಕ್ಕೆ ನೂರು ವಿಶ್ವಾಸಿ,
ಸಿದ್ದರಾಮೇಶ

ಲಗತ್ತುಗಳು: ಆಸ್ಪತ್ರೆಯ ಚೀಟಿ, ತಲೆಯ ಎಕ್ಸ್‌ರೇ, ತಮ್ಮ ಹಿಂಬರಹದ ಪ್ರತಿ. (ಹೆಲ್ಮೆಟ್ ಲಗತ್ತಿಸಿಲ್ಲ, ಬಳಕೆಯಲ್ಲಿದೆ.)

ವಿಶೇಷ ವಿನಂತಿ: ಉತ್ತರವನ್ನು ಯಮನೂರಮ್ಮನ ಹೆಸರಿಗೇ ಕಳಿಸಬೇಕು. ಆಕೆ ಓದು ಬಲ್ಲವಳು. ಆದರೆ ದಪ್ಪ ಅಕ್ಷರದಲ್ಲಿ ಬರೆಸಬೇಕು. ಬಿದ್ದಾಗಿನಿಂದ ಅವಳಿಗೆ ಸಣ್ಣ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ.