ಬೂಸಾಕ್ಕೆ ಬೂಸ್ಟು ಬಂದದ್ದು

ಮಾಧವರಂ ಹಿತವರ್ಧಕ ಗೋಪಾಲನ ಸಂಘದ ಬೂಸಾಕ್ಕೆ ಬೂಸ್ಟು ಬಂದಿರುವುದು ಕಳೆದ ನವೆಂಬರ್ ಮಳೆಯಲ್ಲಿ ಅಧಿಕೃತವಾಗಿ ದೃಢಪಟ್ಟಿತು.

ದೃಢಪಡಿಸಿದವನು ಕೊಟ್ಟಿಗೆ ನೋಡಿಕೊಳ್ಳುವ ದೊಡ್ಡಬಸಪ್ಪ, ಚಿತ್ರದುರ್ಗದ ಕಡೆಯವನು. ಮೂಟೆ ಬಿಚ್ಚಿದರೆ ಹಸಿರು ಗಂಟು, ಮುಗ್ಗಲು ವಾಸನೆ. ಹನ್ನೊಂದು ಹಸುಗಳೂ ಬಡವಾಗಿದ್ದವು. ಅವನೇ ಕರುವಿನಿಂದ ಸಾಕಿದ ಗಂಗೆ ಹತ್ತು ಲೀಟರಿನಿಂದ ನಾಲ್ಕಕ್ಕೆ ಇಳಿದಿದ್ದಳು. ಹೊಟ್ಟೆಯುರಿದು ಕಾರ್ಯದರ್ಶಿ ಶ್ರೀಕಾಂತ್ ಅವರಿಗೆ ಫೋನ್ ಮಾಡಿದ.

"ಸಾರ್, ಬೂಸಾಕ್ಕೆಲ್ಲಾ ಬೂಸ್ಟು ಬಂದೈತೆ!"

ಶ್ರೀಕಾಂತ್ ಹುಟ್ಟಿ ಬೆಳೆದದ್ದು ತಮಿಳರ ನಡುವೆ, ವೆಸ್ಟ್ ಮಾಂಬಲಂನಲ್ಲಿ. ಅವರ ಕನ್ನಡ ಅಜ್ಜಿಯ ಬೈಗುಳದ ಆಚೆಗೆ ಹೋಗಿರಲಿಲ್ಲ. ಬೂಸ್ಟು ಎಂದರೆ ಅವರಿಗೆ ಇಂಗ್ಲಿಷಿನ ಬೂಸ್ಟ್, ಶಕ್ತಿವರ್ಧಕ.

"ಬೂಸ್ಟಾ? ಸೂಪರ್ ಪಾ! ನಾವು ಕೇಳದೇನೇ ವ್ಯಾಪಾರಿ ಹಾಕಿದಾನಾ?"

ಸಂಜೆಯೇ ಬೋರ್ಡು ಬಿತ್ತು: "ಸಂಘದ ಪಶು ಆಹಾರವು ಇನ್ನು ಮುಂದೆ ಬೂಸ್ಟ್‌ಯುಕ್ತವಾಗಿರುತ್ತದೆ. ಹಸುಗಳು ಸಹಕರಿಸತಕ್ಕದ್ದು." ಬೂಸಾ ವ್ಯಾಪಾರಿಗೆ ಅಭಿನಂದನಾ ಪತ್ರ ಹೋಯಿತು. ಅದನ್ನು ಓದಿ ಅವನು ದರ ಏರಿಸಿದ.

ಹಸುಗಳು ಸಹಕರಿಸಲಿಲ್ಲ. ಪಶುವೈದ್ಯೆ ಸಂಗೀತಾ ಬೂಸಾ ಪರೀಕ್ಷೆ ಮಾಡಿಸಿ, ಅಫ್ಲಾಟಾಕ್ಸಿನ್ ಮಿತಿಗಿಂತ ಆರು ಪಟ್ಟು ಇದೆ ಎಂದು ವರದಿ ಕೊಟ್ಟರು. ಸಭೆಯಲ್ಲಿ "ಆರು ಪಟ್ಟು" ಎಂಬುದಕ್ಕೆ ಚಪ್ಪಾಳೆ ಬಿತ್ತು.

"ಅದು ವಿಷ ಸಾರ್. ಲಿವರ್ ಕೆಡುತ್ತೆ, ಹಾಲಿಗೂ ಇಳಿಯುತ್ತೆ," ಎಂದರು ಸಂಗೀತಾ.

"ಬೂಸ್ಟು ಅಂದ್ರೆ ನಿಮ್ಮ ತಮಿಳಿನ ಪೂಂಜೈ ಸಾರ್!" ಎಂದ ದೊಡ್ಡಬಸಪ್ಪ.

ಶ್ರೀಕಾಂತ್ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಗಂಭೀರವಾಗಿ ನುಡಿದರು: "ಬೋರ್ಡ್ ಬರೆಸಿ ಆಗಿದೆಯಲ್ಲಪ್ಪಾ. ವಿಷ ಹಸುವಿನ ವಿಷಯ. ಬೂಸ್ಟ್ ಸಂಘದ ವಿಷಯ."

ಹಾಲು ಕಡಿಮೆಯಾಗಿಲ್ಲ, ಹಸುವಿನೊಳಗೇ ಶೇಖರವಾಗುತ್ತಿದೆ ಎಂದು ನಡಾವಳಿಯಲ್ಲಿ ದಾಖಲಾಯಿತು.

ಹಳೇ ವ್ಯಾಪಾರಿಯ ದರ ದುಬಾರಿಯಾಯಿತೆಂದು ಡಿಸೆಂಬರಿನಲ್ಲಿ ಬೇರೆ ಮಿಲ್ಲಿನಿಂದ ಹೊಸ ಬೂಸಾ ಬಂತು, ಒಣಗಿ ಗರಿಗರಿಯಾಗಿ. ವಾಸನೆಗೇ ಗಂಗೆ ಹಗ್ಗ ಜಗ್ಗಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸಂಘ ಅಷ್ಟರಲ್ಲಿ ನೇಮಿಸಿದ್ದ ಬೂಸ್ಟ್ ತಪಾಸಣಾ ಉಪಸಮಿತಿ ಮೂಟೆಗಳನ್ನು ಮೂಸಿ ನೋಡಿ ತಡೆಹಿಡಿಯಿತು. ನಿಯಮ ನಾಲ್ಕರಂತೆ ಬೂಸ್ಟ್ ಇಲ್ಲದ ಆಹಾರ ನಿಷಿದ್ಧ.

"ಹಂಗಾದ್ರೆ ಏನ್ ಮಾಡ್ಲಿ ಸಾರ್?"

"ನೀರು ಚಿಮುಕಿಸಿ ಮುಚ್ಚಿಡು. ಎಂಟು ದಿನದಲ್ಲಿ ಬರುತ್ತೆ," ಎಂದರು ಶ್ರೀಕಾಂತ್.

ದೊಡ್ಡಬಸಪ್ಪ ಕಣ್ಣೀರು ಒರೆಸಿಕೊಂಡು ನೀರು ಚಿಮುಕಿಸಿದ. ಎರಡು ಮೂಟೆ ಮಾತ್ರ ತನ್ನ ಮಂಚದ ಕೆಳಗೆ ತಳ್ಳಿದ. ಯಾರಿಗೂ ಕಾಣದಂತೆ ದಿನವೂ ಗಂಗೆಗೆ ಅದನ್ನೇ ತಿನ್ನಿಸಿದ.

ಹದಿನೈದು ದಿನಕ್ಕೆ ಗಂಗೆಯ ಮೈ ಮಿರುಗಿತು. ಹಾಲು ಎಂಟು ಲೀಟರಿಗೆ ಏರಿತು. ಉಪಸಮಿತಿ ಹಾರ ಹಿಡಿದು ಬಂತು.

"ಇದು ಹೇಗಾಯ್ತು?" ಕೇಳಿದರು ಶ್ರೀಕಾಂತ್.

ನಿಜ ಹೇಳಿದರೆ ಮಂಚದ ಕೆಳಗೂ ನೀರು ಬೀಳುತ್ತದೆ. ದೊಡ್ಡಬಸಪ್ಪ ಗಂಗೆಯನ್ನು ನೋಡಿದ, ನೆಲ ನೋಡಿದ.

"ಬೂಸ್ಟಿಂದಾನೇ ಸಾರ್."

ಉಳಿದ ಹತ್ತು ಹಸುಗಳಿಗೂ ಬೂಸ್ಟ್ ಇಮ್ಮಡಿ ಮಾಡುವ ಠರಾವು ಅಲ್ಲೇ ಮಂಡನೆಯಾಗಿ ಸರ್ವಾನುಮತದಿಂದ ಪಾಸಾಯಿತು. ದೊಡ್ಡಬಸಪ್ಪನೂ ಕೈ ಎತ್ತಿದ.