ಹಿರೇಕೊಟ್ನೆಕಲ್ ದಿಬ್ಬಕ್ಕೊಂದು ಬ್ಲೇಡು

ರಾಯಚೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರಲ್ಲಿ ನಾನಿದ್ದೆ. ಗಿರಾಕಿಗಳಿಗೆ ಸಾಮಾನು ತೋರಿಸುವುದು, ಹೊಲಕ್ಕೆ ಹೋಗಿ ಜೋಡಿಸಿ ಕೊಡುವುದು ನನ್ನ ಕೆಲಸ. ಇಂಥ ಕೆಲಸದಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಸ್ಸು ಹತ್ತಿ ಬರುತ್ತವೆ. ಎಂಬತ್ತರ ದಶಕದಲ್ಲಿ ಅಂಥದ್ದೊಂದು ಹಿರೇಕೊಟ್ನೆಕಲ್ ಬಸ್ಸಿನಿಂದ ಇಳಿಯಿತು.

ಟಗರು ನೋಡಿದ ಹಾಗೆ

ಬಂದವರು ಕುರಿ ಸಾಕಿ ಬದುಕು ಕಟ್ಟಿಕೊಂಡಿದ್ದ ಹಿರಿಯರು. ಹೆಗಲ ಮೇಲೆ ಕಂಬಳಿ. ಕಾಲುವೆ ನೀರು ಬಂದ ಮೇಲೆ ನೆಲ್ಲು ಹಚ್ಚಿ, ಸಣ್ಣದೊಂದು ಟ್ರ್ಯಾಕ್ಟರನ್ನೂ ತಂದಿದ್ದರು. ಆದರೆ ಗದ್ದೆಯ ನಡುವೆ ಒಂದು ದಿಬ್ಬ. ನೀರು ಅದನ್ನು ಹತ್ತದೆ ಪಕ್ಕದಲ್ಲಿದ್ದ ಇವರ ಅಣ್ಣನ ಗದ್ದೆಯ ತಗ್ಗಿಗೆ ಹರಿದು ನಿಲ್ಲುತ್ತಿತ್ತು. ಇವರ ನೆಲ್ಲು ಒಣಗುತ್ತಿತ್ತು, ಅಣ್ಣನದು ಕೊಳೆಯುತ್ತಿತ್ತು. ಇಬ್ಬರೂ ಮಾತು ಬಿಟ್ಟಿದ್ದರು.

"ನೀರು ಬಿಡಾದ್ರೊಳಗ ದಿಬ್ಬ ಹೋಗ್ಬೇಕು ತಮ್ಮಾ. ಇಲ್ಲಂದ್ರ ನಮ್ಮಣ್ಣ ಕೋರ್ಟಿಗಿ ಹೋಗ್ತಾನಂತ," ಎಂದರು.

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಕೆರೆದು ಎಳೆಯುವ ಬ್ಲೇಡುಗಳು ಅಂಗಳದಲ್ಲಿದ್ದವು. ಎರಡು ಬದಿಗೂ ತಗಡು ಬೆಸೆದಿರುವುದರಿಂದ ಮಣ್ಣು ಪೆಟ್ಟಿಗೆಯೊಳಗೆ ನಿಂತಂತೆ ನಿಲ್ಲುತ್ತದೆ. ಹಿರಿಯರು ಒಂದೊಂದರ ಹಿಂದೆಯೂ ಬಗ್ಗಿ, ಟಗರಿನ ತೂಕ ನೋಡುವ ಹಾಗೆ ಎತ್ತಿ ನೋಡಿದರು. ಹಗುರಾದದ್ದು ಮೇಲೆದ್ದಿತು. "ಇದು ಮೇವು ಕಂಡಿಲ್ಲ," ಎಂದು ಕೆಳಗಿಟ್ಟರು. ಕೊನೆಯದು ಅಲುಗಲೇ ಇಲ್ಲ. ಮುಖ ಅರಳಿತು.

"ಯಪ್ಪಾ, ಅದು ದೊಡ್ಡ ಟ್ರ್ಯಾಕ್ಟರಿಗಿ. ನಿಮ್ದು ಸಣ್ಣದು," ಎಂದೆ.

"ಸಣ್ಣದಾದ್ರ ಏನಾತು? ಇನ್ನಾ ಬೆಳಿಯಾ ವಯಸ್ಸು!"

ಜಾಲಹಳ್ಳಿಯ ಸಾಕ್ಷಿ

ನನ್ನ ಮಾತು ನಡೆಯದಿದ್ದರೆ ಅನುಭವಸ್ಥರ ಮಾತಾದರೂ ನಡೆಯಲಿ ಎಂದು ಅವರನ್ನು ದೇವದುರ್ಗದ ಬಸ್ಸು ಹತ್ತಿಸಿ ಜಾಲಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿಯ ರೈತನೊಬ್ಬ ಹಿಂದಿನ ವರ್ಷ ಹಟ ಹಿಡಿದು ಸಣ್ಣ ಟ್ರ್ಯಾಕ್ಟರಿಗೆ ಇಂಥದೇ ಬ್ಲೇಡು ಒಯ್ದಿದ್ದ. ನಾವು ಹೋದಾಗ ಅದು ಅಂಗಳದಲ್ಲಿ ಬೋರಲು ಬಿದ್ದಿತ್ತು. ಒಳಗೆ ಕೋಳಿ ಕಾವಿಗೆ ಕೂತಿತ್ತು, ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಇನ್ನು ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದುಕೊಂಡೆ.

"ಹೆಂಗದರಿ ಬ್ಲೇಡು?" ಎಂದು ಹಿರಿಯರು ಕೇಳಿದರು.

ಹೊರಗಿನವರ ಮುಂದೆ ತಾನು ತಂದ ಸಾಮಾನನ್ನು ಬಯ್ಯುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಆತ ಎದೆ ಉಬ್ಬಿಸಿ, "ಭಾಳ ಗಟ್ಟಿ ಅದರಿ! ವರ್ಷಾತು, ಒಂದು ಗೀರು ಸುದ್ದಾ ಬಿದ್ದಿಲ್ಲ," ಎಂದ.

ಹಿರಿಯರು ನನ್ನ ಕಡೆ ತಿರುಗಿದರು. "ಕೇಳಿದಿ?"

ಮನೆ ಅಳಿಯ

ಬ್ಲೇಡು ಹಿರೇಕೊಟ್ನೆಕಲ್ಲಿಗೆ ಹೋಯಿತು. ಹಿಂದೆ ನಾನೂ ಹೋದೆ. ಮನೆಯಲ್ಲಿ ಟ್ರ್ಯಾಕ್ಟರ್ ಹೊಡೆಯಲು ಬರುತ್ತಿದ್ದದ್ದು ದೇವದುರ್ಗದಿಂದ ಬಂದಿದ್ದ ಅಳಿಯನಿಗೆ ಮಾತ್ರ. ಬ್ಲೇಡು ಮಣ್ಣು ತುಂಬಿಕೊಂಡಿತು. ಅಳಿಯ ಗೇರು ಹಾಕಿದ. ಟ್ರ್ಯಾಕ್ಟರ್ ಮುಂದಕ್ಕೆ ಹೋಗುವ ಬದಲು ಮುಂದಿನ ಗಾಲಿ ಎತ್ತಿ ನಮಗೆ ಹೊಟ್ಟೆ ತೋರಿಸಿತು.

ಎತ್ತಿನ ಹಿಂದೆ ಹಲಗೆ ಕಟ್ಟಿ ಹೊಲ ಮಟ್ಟ ಮಾಡುವಾಗ ಭಾರಕ್ಕೆಂದು ಮನೆಮಂದಿ ಅದರ ಮೇಲೆ ನಿಲ್ಲುವುದು ನಮ್ಮ ಕಡೆ ರೂಢಿ. ಹಿರಿಯರು ಹಿಂದುಮುಂದು ನೋಡಲಿಲ್ಲ. ಕಂಬಳಿ ಮಡಚಿ ಬಾನೆಟ್ಟಿಗೆ ಹಾಸಿ, ಇಬ್ಬರು ಗಂಡುಮಕ್ಕಳನ್ನು ಮೇಲೆ ಕೂಡಿಸಿದರು. ಗಾಲಿ ನೆಲ ಮುಟ್ಟಿತು, ಟ್ರ್ಯಾಕ್ಟರ್ ಹೊರಟಿತು.

"ಬಿದ್ದಗಿದ್ದಾರು ಯಪ್ಪಾ!" ಎಂದೆ.

"ಕೋಣದ ಮ್ಯಾಲ ಕುಂತು ಮೇಯಿಸಿದ ಹುಡುಗ್ರು ಅವು. ಬಾ, ರೊಟ್ಟಿ ತಿನ್ನಮು."

ಬೇವಿನ ನೆರಳಲ್ಲಿ ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆದು ಎದ್ದು ಬಂದೆವು. ದಿಬ್ಬ ಇರಲಿಲ್ಲ! ನನಗಂತೂ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅಣ್ಣನ ಗದ್ದೆಗೂ ಇವರ ಗದ್ದೆಗೂ ನಡುವಿನ ಒಡ್ಡೂ ಇರಲಿಲ್ಲ. ಎದುರಿಗೆ ಇಬ್ಬರು ಕೂತಿದ್ದರಿಂದ ಅಳಿಯನಿಗೆ ದಾರಿ ಕಂಡಿಲ್ಲ, ಪರ ಊರಿನವನಿಗೆ ಗಡಿಯೂ ಗೊತ್ತಿಲ್ಲ. ಒಡ್ಡು ಒಡೆದುಕೊಂಡು ಹೋಗಿ, ದಿಬ್ಬದ ಮಣ್ಣನ್ನೆಲ್ಲ ಅಣ್ಣನ ತಗ್ಗಿಗೆ ಸುರಿದಿದ್ದ.

"ಒಡ್ಡು ದಾಟಿದ್ದು ಕಾಣಲಿಲ್ಲೇನಲೇ?" ಎಂದು ಹಿರಿಯರು ಮಕ್ಕಳ ಮೇಲೆ ಹರಿಹಾಯ್ದರು.

"ಕಂಡಿತ್ತಪ್ಪಾ. ಮನಿ ಅಳಿಯಾಗ ತಪ್ಪಂತ ಹೆಂಗ ಹೇಳಾದು?"

ಅಷ್ಟರಲ್ಲಿ ಕೋಲು ಹಿಡಿದು ಅಣ್ಣ ಬಂದ. ಇನ್ನು ಕೋರ್ಟು ಗ್ಯಾರಂಟಿ ಎಂದು ನಾನು ಬಸ್ಸಿನ ದಾರಿ ನೋಡಿಕೊಂಡೆ. ಹಿರಿಯರು ಸೋಲಲಿಲ್ಲ. ವರ್ಷಗಳ ಮೌನ ಮುರಿದು ತಾವೇ ಮೊದಲು ಕೂಗಿದರು:

"ಯಣ್ಣಾ, ಅದು ನನ್ನ ಮಣ್ಣು! ನಂದು ನನಗ ವಾಪಸ್ ಬೇಕು!"

ಅಣ್ಣ ತುಂಬಿದ ತನ್ನ ತಗ್ಗು ನೋಡಿದ. ಮಟ್ಟವಾದ ತಮ್ಮನ ಗದ್ದೆ ನೋಡಿದ. ಕೋಲು ಊರಿ ನಿಧಾನವಾಗಿ ಹೇಳಿದ:

"ಒಯ್ಯಲೇ, ಯಾರು ಬ್ಯಾಡಂದ್ರು? ಮೊದ್ಲು ಎಲ್ಲಿತ್ತೋ ಅಲ್ಲೇ ಗುಡ್ಡಿ ಹಾಕ್ಕೋ."